ಆಯೇರಿ ಕೊಟ್ಟ ಬಾಡಿಗೆ ಪೆಟ್ಟಿಗೆ

ಡಿಶ್ ಕಂಪನಿಯ ದೂರು ಪರಿಹಾರ ಅಧಿಕಾರಿಗಳೇ,

ಒಂದು ಸಂಗತಿಯನ್ನು ಈ ಪತ್ರದಿಂದ ಬಿಟ್ಟೇ ಬಿಡುವವಳಿದ್ದೆ: ಬಬಲೇಶ್ವರದ ಆ ಮನೆಯ ವಿಳಾಸವನ್ನು ನಿಮ್ಮವರಿಗೆ ಕೊಟ್ಟವಳು ನಾನೇ. ಹೋಗುವ ದಾರಿ, ಬಾಗಿಲ ಮುಂದಿನ ಬೇವಿನ ಮರ, ಮಧ್ಯಾಹ್ನ ಹೋದರೆ ಎಲ್ಲರೂ ಸಿಗುತ್ತಾರೆ ಎಂಬ ಸಲಹೆ, ಎಲ್ಲವೂ ನನ್ನವೇ. ಇದನ್ನು ಮುಚ್ಚಿಟ್ಟಿದ್ದರೆ ನನ್ನ ದೂರು ಇನ್ನಷ್ಟು ಖಾರವಾಗುತ್ತಿತ್ತು. ಆದರೆ ನಿಮಗೆ ಬರುವ ಕರೆಗಳೆಲ್ಲ ಧ್ವನಿಮುದ್ರಣವಾಗುತ್ತವೆಯಂತೆ. ನನ್ನ ಪ್ರಾಮಾಣಿಕತೆಗೆ ಅದೂ ಒಂದು ಕಾರಣ.

ದೂರು ಇಷ್ಟೇ. ನನ್ನ ತಂಗಿಯ ಮಗಳು ಗೀತಾಂಜಲಿಗೆ ನಾನು ಮದುವೆಯಲ್ಲಿ ಕೊಟ್ಟ ಸೆಟ್‌ಟಾಪ್ ಬಾಕ್ಸನ್ನು ನೀವು ಬಬಲೇಶ್ವರದ ಅವಳ ಗಂಡನ ಮನೆಯಿಂದ, ಅತ್ತೆಯ ಕಣ್ಣೆದುರೇ ಬಿಚ್ಚಿಕೊಂಡು ಹೋದಿರಿ. ಹಾಗೆ ಮಾಡುವ ಹಕ್ಕು ನಿಮಗಿತ್ತು. ಏಕೆಂದರೆ ಅದು ನನ್ನದಾಗಿರಲಿಲ್ಲ, ನಿಮ್ಮದಾಗಿತ್ತು. ನನ್ನಲ್ಲಿಗೆ ಬಾಡಿಗೆಗೆ ಬಂದಿತ್ತು. ಇದು ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನೀವು ಯಾವ ಊರಿನಲ್ಲಿ ಕುಳಿತು ಇದನ್ನು ಓದುತ್ತೀರೋ ತಿಳಿಯದು, ಹೀಗಾಗಿ ಹೇಳುತ್ತೇನೆ. ನಮ್ಮ ಕಡೆ ಮದುವೆಯ ಉಡುಗೊರೆಗೆ ಆಯೇರಿ ಎನ್ನುತ್ತಾರೆ. ಅದನ್ನು ಸದ್ದಿಲ್ಲದೆ ಕೈಗೆ ತುರುಕಿ ಬರುವುದಿಲ್ಲ. ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ತಂಗಿಯ ಊರು ತಿಕೋಟಾದಲ್ಲಿ ಮದುವೆಯ ದಿನ ಆ ಕೆಲಸ ನಮ್ಮ ಸಂಬಂಧಿ ಸಂಗನಬಸವನದು. “ವಿಜಾಪುರ ಸೊಲ್ಲಾಪುರ ರಸ್ತಾದ ವಿಜಯಲಕ್ಷ್ಮೀ ಅಕ್ಕಾರಿಂದ ಮದುಮಗಳಿಗಿ ಒಂದು ಟಿವಿ, ಒಂದು ಡಿಶ್ ಬಾಕ್ಸ್, ಛತ್ರಿ ಸಹಿತ!” ಎಂದು ಅವನು ಕೂಗಿದ. ಛತ್ರಿ ಎಂದರೆ ಮಾಳಿಗೆಯ ಮೇಲೆ ಕೂರಿಸುವ ಡಿಶ್ ತಟ್ಟೆ. ಹಿಂದೆ ಕುಳಿತವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ನಾನೇ ಇನ್ನೊಮ್ಮೆ ಕೂಗಿಸಿದೆ. ನಿಮ್ಮ ಆಸ್ತಿಯನ್ನು ಇಷ್ಟು ಗಟ್ಟಿಯಾಗಿ ದಾನ ಮಾಡಿದ ಗ್ರಾಹಕರು ನಿಮಗೆ ಬೇರೆ ಸಿಕ್ಕಿರಲಾರರು.

ಅದು ನನ್ನದೆಂದು ನಂಬಿದ್ದು ಹೇಗೆ? ಅಂಗಡಿಯವರು, “ನಿಮ್ಮ ಹೆಸರಿನ್ಯಾಗ ಒಂದು ಕನೆಕ್ಷನ್ ಐತೆಲ್ರಿ, ಅದಕ್ಕ ಎರಡನೇ ಬಾಕ್ಸ್ ಜೋಡಿಸಿದ್ರ ಸಸ್ತಾ ಬೀಳತೈತಿ” ಎಂದರು. ಹಣ ಕೊಟ್ಟೆ, ಸೀಲು ಒಡೆಯದ ಪೆಟ್ಟಿಗೆ ಕೈಗೆ ಬಂತು. ಹಣ ಕೊಟ್ಟು ತಂದದ್ದು ನಮ್ಮದು ಎಂಬುದು ನಾನು ಕಲಿತ ಅರ್ಥಶಾಸ್ತ್ರ. ಅದು ಬೆಲೆಯಲ್ಲ, ಜೋಡಣೆಯ ಶುಲ್ಕ ಎಂದು ನಿಮ್ಮ ಷರತ್ತಿನಲ್ಲಿತ್ತಂತೆ, ಇಂಗ್ಲಿಷಿನಲ್ಲಿ. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಬಾರದವರಾಗಿದ್ದರೆ ಯಾರಿಗಾದರೂ ತೋರಿಸಿ ಕೇಳುತ್ತಿದ್ದರು. ಓದಲು ಬರುತ್ತದೆ ಎಂಬ ಧೈರ್ಯ ಇರುವವರು ಓದುವುದಿಲ್ಲ, ಒಪ್ಪಿಗೆ ಎಂದು ಒತ್ತಿಬಿಡುತ್ತಾರೆ.

ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಇಂಟರ್‌ನೆಟ್ಟಿನ ಟಿವಿ ಬಂತು. ಡಿಶ್ ಬೇಡವೆಂದು ನಿಮಗೆ ಫೋನು ಮಾಡಿದೆ. “ಎರಡನೇ ಬಾಕ್ಸ್ ಎಲ್ಲಿದೆ ಮೇಡಂ?” ಎಂದು ಅಷ್ಟು ವಿನಯದಿಂದ ಕೇಳಿದರು. ಅದನ್ನು ಗೀತಾಂಜಲಿಯ ಹೆಸರಿಗೆ ಮಾಡಿಕೊಡುತ್ತಾರೆ ಎಂದುಕೊಂಡು ಬೇವಿನ ಮರದ ಗುರುತನ್ನೂ ಹೇಳಿದೆ.

ಮುಂದಿನದು ಗೀತಾಂಜಲಿ ಅಳುತ್ತ ಫೋನಿನಲ್ಲಿ ಹೇಳಿದ್ದು. ಅತ್ತೆ ಲಕ್ಕವ್ವನವರು ಓಣಿಯ ಹೆಂಗಸರೊಂದಿಗೆ ಧಾರಾವಾಹಿ ನೋಡುತ್ತಿದ್ದಾಗ ನಿಮ್ಮ ಕಡೆಯ ಉಮರ ಎಂಬವರು ಬಂದು ವೈರು ಬಿಚ್ಚತೊಡಗಿದರಂತೆ.

“ಎಲ್ಲಿಗಿ ಒಯ್ಯಾಕತ್ತೀಯಪಾ ಅದನ್ನ?”

“ಆಫೀಸಿಗ್ರಿ ಯವ್ವಾ. ಬಾಕ್ಸ್ ಕಂಪನೀದೈತಿ, ಬಾಡಗಿದು.”

“ಬಾಡಗಿದಾ? ಮೈಕಿನ್ಯಾಗ ಎರಡ ಸಲ ಒದರ್ಯಾರಲ್ಲೋ ಯಪ್ಪಾ!”

“ಮೈಕಿನ್ಯಾಂವ ನಮ್ಮ ಕಂಪನಿಯಾಂವ ಅಲ್ರಿ.”

ಓಣಿಯ ಹೆಂಗಸರು ನಕ್ಕರಂತೆ. ಲಕ್ಕವ್ವನವರು ನಗಲಿಲ್ಲ. ಸೊಸೆಯ ಕಡೆ ತಿರುಗಿ, “ಟಿವಿ ಒಯ್ಯಾಕ ನಾಳಿಗಿ ಬರ್ತಾರೇನವಾ? ಕೊಳ್ಳಾಗಿನ ಬೋರಮಾಳ ಯಾವಾಗ?” ಎಂದರು. ಮರುದಿನ ಆ ಬೋರಮಾಳ ಸರವನ್ನು ಪತ್ತಾರನ ಹತ್ತಿರ ಒಯ್ದು ಒರೆಗೆ ಹಚ್ಚಿಸಿದರು. ನನ್ನ ತಂಗಿ ಮಾಡಿಸಿದ ಚಿನ್ನ, ಅಪ್ಪಟವೇ. “ಖರೇ ಬಂಗಾರ ಅಂತ ದೊಡ್ಡವ್ವಾ,” ಎಂದಳು ಗೀತಾಂಜಲಿ, “ಆದ್ರ ಒಯ್ದು ನೋಡಿಸಿದ್ರಲ್ಲ.”

ಮಾನ್ಯರೇ, ಚಿನ್ನ ಒರೆಯಲ್ಲಿ ಗೆದ್ದಿತು, ಹುಡುಗಿ ಇನ್ನೂ ಗೆದ್ದಿಲ್ಲ. ಮದುವೆಯಾದ ಮೊದಲ ನಾಗರ ಪಂಚಮಿಗೆ ಮಗಳು ತವರಿಗೆ ಬರಬೇಕು. ತಿಕೋಟಾದಲ್ಲಿ ತಂಗಿ ಉಂಡಿಗೆ ಎಳ್ಳು ಶೇಂಗಾ ಹಸನು ಮಾಡಿಟ್ಟಿದ್ದಾಳೆ. ಲಕ್ಕವ್ವನವರು ಮಾತ್ರ, “ಕೊಟ್ಟಿದ್ದು ಕೊಟ್ಟಾಂಗ ಅಂತ ಯಾರರೆ ಬರದು ಕೊಡ್ರಿ, ಆಮ್ಯಾಗ ಕಳಸ್ತೀನಿ” ಎಂದಿದ್ದಾರೆ. ತಂಗಿ ನನಗೆ ಬೈಯಲೂ ಇಲ್ಲ. “ಯಕ್ಕಾ, ನೀ ಇಂಗ್ಲಿಷ್ ಸಾಲಿ ಕಲತಾಕಿ ಅಂತ ನಾ ಏನೂ ಕೇಳಲಿಲ್ಲ ಬೇ” ಎಂದಳು, ಅಷ್ಟೇ. ಬೈದಿದ್ದರೆ ಉಂಡ ಅನ್ನ ಕರಗುತ್ತಿತ್ತು.

ಹೊಸ ಬಾಕ್ಸ್ ಒಯ್ದುಕೊಡಬಾರದೆ ಎನ್ನುತ್ತೀರಿ. ಫೋನಿನಲ್ಲಿ ಹಾಗೇ ಹೇಳಿದೆ. “ಅದಾದ್ರೂ ನಿಮ್ಮದೇನ್ರಿ ಬೀಗರ?” ಎಂದು ಲಕ್ಕವ್ವನವರು ಕೇಳಿದರು. ಉತ್ತರ ಹುಡುಕಿಕೊಂಡು ನಿಮ್ಮ ವಿಜಯಪುರದ ಕೇಂದ್ರಕ್ಕೆ ಹೋದೆ. ಅಲ್ಲಿದ್ದವರು, “ಈಗ ಬಾಡಗೀದಷ್ಟ ಕೊಡ್ತೀವ್ರಿ. ಆದ್ರ ಛತ್ರಿ ವಾಪಸ್ ಬ್ಯಾಡ, ಅದು ನಿಮ್ಮದ” ಎಂದು ಸಮಾಧಾನ ಹೇಳಿದರು. ಹೀಗೆ ಲಕ್ಕವ್ವನವರ ಮಾಳಿಗೆಯ ಮೇಲೆ ಮಳೆಗೆ ತುಕ್ಕು ಹಿಡಿಯುವ ಭಾಗಕ್ಕೆ ನಾವು ಒಡೆಯರು, ಕೆಳಗೆ ಚಿತ್ರ ತೋರಿಸುವ ಭಾಗಕ್ಕೆ ನೀವು. ಸಿಡಿಲಿಗೆ ಬಾಕ್ಸ್ ಸುಟ್ಟರೆ ಯಾರು ತುಂಬಿಕೊಡಬೇಕು ಎಂದು ಕೇಳಿದೆ. ಗ್ರಾಹಕರೇ ಕೊಡಬೇಕಂತೆ. ಅಂದರೆ ಕೆಟ್ಟಾಗ ನನ್ನದು, ನೆಟ್ಟಗಿದ್ದಾಗ ನಿಮ್ಮದು. ಇಂಥ ಒಡೆತನ ನನಗೂ ಒಂದು ಸಿಕ್ಕರೆ ಎಷ್ಟು ಚೆಂದ!

ಬಾಡಿಗೆಯೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಆ ಮದುವೆಯ ಪೆಂಡಾಲು, ಕುರ್ಚಿ, ಹಂಡೆ ಎಲ್ಲವೂ ಬಾಡಿಗೆಯವೇ. ಆದರೆ ಹಂಡೆಯ ಕಂಠದ ಮೇಲೆ ಅಂಗಡಿಯವನ ಹೆಸರು ಕೊರೆದಿರುತ್ತದೆ. ಅದನ್ನು ಯಾರೂ ಮದುಮಗಳಿಗೆ ಆಯೇರಿ ಮಾಡುವುದಿಲ್ಲ. ನಿಮ್ಮ ಹೆಸರೂ ಬಾಕ್ಸಿನ ಮೇಲಿತ್ತಲ್ಲ ಎಂದು ನೀವು ಕೇಳಬಹುದು. ಟಿವಿಯ ಮೇಲೂ ಅದರ ಕಂಪನಿಯ ಹೆಸರಿದೆ, ಫ್ಯಾನಿನ ಮೇಲೂ ಇದೆ. ಅವರು ಯಾರೂ ಏಣಿ ತಂದು ಫ್ಯಾನು ಬಿಚ್ಚಿಕೊಂಡು ಹೋಗಿಲ್ಲ. ಇಷ್ಟಕ್ಕೂ, ಕೊಂಡಿದ್ದರೆ ಏನು ಸಿಗುತ್ತಿತ್ತು ಎಂದೂ ಯೋಚಿಸಿದೆ. ನಿಮ್ಮ ಚಾನೆಲ್ಲುಗಳನ್ನು ಬಿಟ್ಟು ಬೇರೆ ಯಾರದನ್ನೂ ಹಿಡಿಯದ ಪೆಟ್ಟಿಗೆ. ಕೆಟ್ಟರೆ ರಿಪೇರಿಯೂ ನನ್ನ ತಲೆಗೇ. ನನ್ನಷ್ಟಕ್ಕೆ ಬಾಡಿಗೆಯೇ ಜಾಣತನವೆಂದು ಒಪ್ಪುತ್ತೇನೆ. ಆದರೆ ಬಾಡಿಗೆಯ ವಸ್ತುವನ್ನು ಬಳಸಬಹುದು, ಕೊಡಲಾಗದು. ಕೊಡಬೇಕಾದವರು ಏನು ಮಾಡಬೇಕು?

ಆದ್ದರಿಂದ ನನ್ನ ಬೇಡಿಕೆ. ಒಂದು ಬಾಕ್ಸನ್ನು ನನಗೆ ಪೂರ್ತಿಯಾಗಿ ಮಾರಿ. ಇದು ಗೀತಾಂಜಲಿಯ ಸ್ವಂತದ್ದು, ಯಾರೂ ಒಯ್ಯಲು ಬರುವುದಿಲ್ಲ ಎಂದು ಕನ್ನಡದಲ್ಲಿ ಬರೆದು, ಮೊಹರು ಹಾಕಿ, ಪಂಚಮಿಗೆ ಮೊದಲು ಬಬಲೇಶ್ವರಕ್ಕೆ ಕಳಿಸಿ, ವಿಳಾಸ ನಿಮ್ಮಲ್ಲಿದೆ. ಉಳಿದ ಬಾಕ್ಸುಗಳ ಮೇಲೆಲ್ಲ ‘ಬಾಡಿಗೆಯದು’ ಎಂದು ಹಂಡೆಯ ಮೇಲಿನಷ್ಟು ದಪ್ಪ ಅಕ್ಷರದಲ್ಲಿ ಬರೆಸಿ.

ನೀವು ಉತ್ತರಿಸದೆಯೂ ಇರಬಹುದು. ಹೀಗಾಗಿ ಲಕ್ಕವ್ವನವರು ಕೇಳಿದ ಬರಹವನ್ನು ಮೊದಲು ನಾನೇ ಕೊಡುತ್ತೇನೆ. ಬೀಗರು ಮೋಸ ಮಾಡಲಿಲ್ಲ, ಬೀಗತಿಯಾದ ನಾನು ಷರತ್ತು ಓದಲಿಲ್ಲ, ಇದರಲ್ಲಿ ಹುಡುಗಿಯದೇನೂ ತಪ್ಪಿಲ್ಲ: ಇದಕ್ಕೆ ಸಾಕ್ಷಿಯೆಂದು ಈ ಪತ್ರವನ್ನು ಆ ಓಣಿಯ ಹೆಂಗಸರೆಲ್ಲ ಸೇರುವ ಹೊತ್ತಿಗೆ ಅವರ ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತೇನೆ. ಅವರು ನಗಲಿ. ಈ ಸಲ ನನ್ನನ್ನು ನೋಡಿ ನಗುತ್ತಾರೆ, ಗೀತಾಂಜಲಿಯನ್ನು ನೋಡಿ ಅಲ್ಲ. ಓದಿ ಮುಗಿಸಿದ ಮೇಲೆ ಅಲ್ಲಿಯ ಅಂಚೆ ಕಚೇರಿಯಿಂದಲೇ ನಿಮಗೆ ಕಳಿಸುತ್ತೇನೆ.

ಇಂತಿ,
ತನ್ನದಲ್ಲದ್ದನ್ನು ಧಾರಾಳವಾಗಿ ಕೊಟ್ಟ ನಿಮ್ಮ ಮಾಜಿ ಬಾಡಿಗೆದಾರಳು
ವಿಜಯಲಕ್ಷ್ಮೀ
ಸೊಲ್ಲಾಪುರ ರಸ್ತೆ, ವಿಜಯಪುರ

ಬಬಲೇಶ್ವರದಲ್ಲಿ ಅಂಚೆಗೆ ಹಾಕುವ ದಿನ: ಜುಲೈ ೨೭, ಸೋಮವಾರ