ತೊಟ್ಟಿಯ ನೀರಿನ ಬಗ್ಗೆ

ಗೌನಿಪಲ್ಲಿ, ಜೂನ್ 9

ಮಾವಿನ ಪ್ಯಾಕಿಂಗ್ ಶೆಡ್ಡಿನ ಮಾಲೀಕರಾದ ಸೀತಾರಾಮ ಅವರಿಗೆ,

ಹಣ್ಣು ತೊಳೆಯುವ ನೀರಿಗೆ ಕ್ಲೋರಿನ್ ಹಾಕಲು ನಾನೇ ಮರೆತೆನೆಂದು ನೀವು ಬರೆಸಿ ಕಳಿಸಿದ ಕಾಗದವನ್ನು ಸಹಿ ಹಾಕದೆ ಹಿಂತಿರುಗಿಸುತ್ತಿದ್ದೇನೆ.

ಲಾರಿ ತುಂಬಿದ ದಿನ ನಾನು ಬೆಳಿಗ್ಗೆ ಹಾಕಿದ ಕ್ಲೋರಿನ್ನಿನ ಶಕ್ತಿ ಮಧ್ಯಾಹ್ನಕ್ಕೇ ಮುಗಿದಿತ್ತು. ಸೊನೆ, ಮಣ್ಣು ಸೇರಿ ನೀರು ಟೀ ಬಣ್ಣಕ್ಕೆ ತಿರುಗಿತ್ತು. “ಈ ನೀರಲ್ಲಿ ತೊಳೆದ್ರೆ ಒಂದು ಹಣ್ಣಿನ ಕೊಳೆ ಎಲ್ಲಕ್ಕೂ ಹತ್ತುತ್ತೆ ಸಾರ್, ನೀರು ಬದಲಾಯಿಸೋಣ” ಎಂದೆ. ನೀವು ಎಲ್ಲರೆದುರು ನಕ್ಕಿರಿ. “ಏನಮ್ಮಾ ಮುತ್ಯಾಲಮ್ಮ, ಮಾವಿನಹಣ್ಣಿಗೆ ಮಡಿಸ್ನಾನ ಮಾಡಿಸ್ತೀಯಾ? ಲಾರಿ ನಿಂತೈತೆ, ಸುಮ್ನೆ ತೊಳಿ” ಎಂದಿರಿ. ನಾನೂ ತೊಳೆದೆ. ಆ ನಾಚಿಕೆ ನನಗಿದೆ, ನಿಮಗೆ ಅದೂ ಇಲ್ಲ. ನಾಲ್ಕೇ ದಿನದಲ್ಲಿ ಲಾರಿಯ ಬಾದಾಮಿ ಮಾವೆಲ್ಲ ತೊಟ್ಟಿನ ಬುಡದಿಂದ ಕಪ್ಪಾಗಿ ಕೊಳೆಯಿತು.

ಆ ಹಣ್ಣು ಕೊಂಡವರು ನನಗೂ ಫೋನ್ ಮಾಡಿದ್ದರು. ನಡೆದದ್ದನ್ನು ನಡೆದಂತೆಯೇ ಹೇಳಿದ್ದೇನೆ. ಸುಳ್ಳು ಹೇಳಿಸಲು ನಿಮಗೆ ಹೆಂಗಸೇ ಬೇಕಿದ್ದರೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ.

ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ತೊಟ್ಟಿಯ ತಳದಲ್ಲಿ ಗೇಣುದ್ದ ಬಗ್ಗಡ ಕೂತಿದೆ. ದಯವಿಟ್ಟು ನೀವೇ ಇಳಿದು ತೆಗೆಯಿರಿ. ರಬ್ಬರ್ ಗ್ಲೌಸನ್ನು ಗೋಡೆಯ ಮೊಳೆಗೆ ನೇತುಹಾಕಿದ್ದೇನೆ. ಕೆಲಸ ಮಾಡಿದವರ ಕೈ ಅಳತೆಯದು, ನಿಮಗೆ ಸ್ವಲ್ಪ ಬಿಗಿಯಾಗಬಹುದು.

ಇಂತಿ,
ಮುತ್ಯಾಲಮ್ಮ