ಅತ್ತೆ ತಿಳಿದುಕೊಂಡ ಆಟ

ಐರೋಲಿ, ೧೪ ಜೂನ್ ೨೦೨೫, ಶನಿವಾರ

ಒಂದೇ ಒಂದು ಶಬ್ದ ಕಿವಿಯಿಂದ ಹೋಗುತ್ತಿಲ್ಲ. ಆಟ. ನಮ್ಮ ಉಡುಪಿ ಕಡೆಯವರಿಗೆ ಆಟ ಎಂದರೆ ಯಕ್ಷಗಾನವೇ. ಇವರು ಇಯರ್‌ಫೋನ್ ಸಿಕ್ಕಿಸಿಕೊಂಡು ನಿದ್ದೆಗೆಟ್ಟು ಮೊಬೈಲ್ ನೋಡುವಾಗ ಅತ್ತೆ ಏನೆಂದು ಕೇಳಿದರೆ, ‘ಆಟ’ ಎನ್ನುತ್ತಿದ್ದರು. ಅತ್ತೆಗೆ ಎಂಥ ಹೆಮ್ಮೆ! ಮುಂಬೈಯಲ್ಲಿ ಹುಟ್ಟಿದರೂ ಮಗನಿಗೆ ಯಕ್ಷಗಾನದ ಹುಚ್ಚು ಎಂದು ಬಿಲ್ಡಿಂಗಿನವರಿಗೆಲ್ಲ ಹೇಳಿದರು. ನಾನೂ ನಂಬಿದೆ, ಪೆದ್ದಿ.

ಸಂಜೆ ಕೋಪರಖೈರಣೆಯ ಭಜನೆಯಲ್ಲಿ ಭಟ್ಟರು ವೇದದಲ್ಲಿ ಬರುವ ಜೂಜುಗಾರನ ಗೋಳು ಹೇಳಿದರು. ದಾಳಕ್ಕೆ ಕೈಯಿಲ್ಲ, ಆದರೂ ಕೈಯಿದ್ದವನನ್ನು ಸೋಲಿಸುತ್ತದಂತೆ. ಕೊನೆಗೆ ಹೆತ್ತವರೇ ಇವನು ಯಾರೋ ಗೊತ್ತಿಲ್ಲ ಎಂದುಬಿಡುತ್ತಾರಂತೆ. ವಾಪಸ್ ಬರುವಾಗ, ಲೋಕಲ್ ಘನ್ಸೋಲಿ ಬಿಟ್ಟ ಮೇಲೆ, ಇವರು ಮೆಲ್ಲಗೆ ಬಾಯಿಬಿಟ್ಟರು: “ನಾನು ನೋಡ್ತಿದ್ದದ್ದು ಯಕ್ಷಗಾನ ಅಲ್ಲ ಮಾರಾಯ್ತಿ, ರಮ್ಮಿ. ಮಗಳ ಕಾಲೇಜಿಗೆ ಇಟ್ಟ ದುಡ್ಡೂ ಹೋಯ್ತು. ಅಮ್ಮನಿಗೆ ಮಾತ್ರ ಹೇಳ್ಬೇಡ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಲ್ಲೇ ಆ್ಯಪ್ ಡಿಲೀಟ್ ಮಾಡಿಸಿದೆ. ಫೋನ್ ಈಗ ನನ್ನ ದಿಂಬಿನಡಿ ಇದೆ.

ಊಟವಾದ ಮೇಲೆ ಅತ್ತೆ ಕೇಳಿದರು, “ಇವತ್ತು ಆಟ ಇಲ್ವಾ ಲತೇಶಾ?”

“ಮುಗೀತು ಅಮ್ಮಾ.”

“ಇಷ್ಟು ಬೇಗ ಮಂಗಳ ಹಾಡಿದ್ರಾ?”

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅತ್ತೆಗೆ ಯಾವತ್ತು ಹೇಳುವುದು, ಮಗಳು ಪ್ರೇಕ್ಷಾಳಿಗೆ ಏನು ಹೇಳುವುದು, ನಾಳೆ ಯೋಚಿಸಬೇಕು.

ಇವರಿಗೆ ಪಕ್ಕದಲ್ಲೇ ಗಾಢ ನಿದ್ದೆ. ಬಲಗೈ ಹೆಬ್ಬೆರಳು ಮಾತ್ರ ಹೊದಿಕೆಯ ಮೇಲೆ ಇಲ್ಲದ ಇಸ್ಪೀಟ್ ಎಲೆಗಳನ್ನು ಒಂದೊಂದಾಗಿ ಸರಿಸುತ್ತಲೇ ಇದೆ.