ತುಪ್ಪವೋ ಹುಳಿ ಬೆಣ್ಣೆಯೋ

೬ ಏಪ್ರಿಲ್ ೧೯೮೧

ಪ್ಯಾಸೆಂಜರ್ ರೈಲು ಲೇಟು. ಹರಿಹರ ಮುಟ್ಟುವಾಗ ಒಂಬತ್ತೂವರೆ. ಬ್ರೂವರಿ ಗೇಟಿನಲ್ಲಿ ಸಹಿ, ಲ್ಯಾಬ್ ಬೀಗ, ನೀರಿನ ಟೆಸ್ಟ್. ಎರಡನೇ ಟ್ಯಾಂಕಿನ ಗ್ರ್ಯಾವಿಟಿ, ಅಂದರೆ ಬಿಯರ್ ಎಷ್ಟು ಸಾಂದ್ರ ಎಂದು ನೋಡಿದೆ. ಅದೇ ತೆಳು ಬಿಯರ್, ಅದೇ ಅಂಕಿ. ಇಷ್ಟು ವರ್ಷ ಬಿಯರ್ ಅಳೆದಿದ್ದೇನೆ, ಒಂದು ಹನಿ ನಾಲಿಗೆಗೆ ಇಟ್ಟಿಲ್ಲ. ಇಡು ಎಂದು ಯಾರೂ ಅಂದಿಲ್ಲ. ಅಳೆಯುವುದು ಕೆಮಿಸ್ಟ್ ಹಿದಾಯತ್, ಕುಡಿದು ನೋಡುವುದು ಬ್ರೂವರ್ ಕೆಂಚವೀರಪ್ಪ ಸಾರ್. ಹಾಗೇ ನಡೆದುಕೊಂಡು ಬಂದಿದೆ.

ಮಧ್ಯಾಹ್ನ ಓನರ್ ಅಮ್ಮಾರು ಬಂದರು. ಮರುಳಸಿದ್ದಮ್ಮನವರು. ಗಂಡ ತೀರಿಕೊಂಡ ಮೇಲೆ ಬ್ರೂವರಿ ಇವರ ತಲೆಗೆ ಬಂದಿದೆ. ಬಾಟಲಿ ಮುಟ್ಟಿದರೆ ಕೈ ತೊಳೆಯುತ್ತಾರೆ, ಆದರೆ ಆಫೀಸ್ ತಪ್ಪಿಸುವುದಿಲ್ಲ. ಬೊಂಬಾಯಿಯ ಪಾರ್ಟಿಯೊಂದು ಕೊಂಡುಕೊಳ್ಳುತ್ತೇವೆ ಎಂದು ಬೆನ್ನು ಹತ್ತಿದೆ.

ಸಾರ್ ಅವರೆದುರು ಕೂತು ಕೇಳಿದರು. "ಒಂದೇ ಒಂದು ಟ್ಯಾಂಕ್ ಕೊಡ್ರಿ ಅಮ್ಮಾರೆ. ಸ್ಟ್ರಾಂಗ್ ಏಲ್ ಮಾಡ್ತೀನಿ. ಈ ಕಡೆ ಯಾರೂ ಮಾಡಿಲ್ಲ."

"ಏಲ್ ಅಂದ್ರೆ? ಏಲಕ್ಕಿ ಹಾಕ್ತೀರೇನು?"

"ಇಲ್ರಿ. ಮಾಲ್ಟ್ ಜಾಸ್ತಿ, ಮೊಳಕೆ ಕಟ್ಟಿದ ಬಾರ್ಲಿ. ಕೆಂಪಗೆ, ದಪ್ಪಗೆ ಇರ್ತೈತೆ. ಇಂಗ್ಲೆಂಡಿನಾಗೆ ಟ್ರೈನಿಂಗ್ ಇದ್ದಾಗ ಕುಡಿದಿದ್ದೆ. ರಿಟೈರ್ ಆಗೋದ್ರೊಳಗೆ ಒಂದ್ಸಲ ಮಾಡ್ಬೇಕು."

"ಮಾಡ್ರಿ" ಅಂದರು ಅಮ್ಮಾರು. " ಚೆನ್ನಾಗಿ ಬಂದ್ರೆ ಬ್ರೂವರಿ ನಾನೇ ನಡೆಸ್ತೀನಿ. ಕೆಟ್ರೆ ಬೊಂಬಾಯಿಯವ್ರಿಗೆ ಕೊಟ್ಟುಬಿಡ್ತೀನಿ."

ಅಂದರೆ ನಮ್ಮೆಲ್ಲರ ಕೆಲಸವೂ ಆ ಟ್ಯಾಂಕಿನೊಳಗೆ.

೯ ಏಪ್ರಿಲ್

ಏನೋ ಸರಿಯಿಲ್ಲ.

ಸಾರ್ ಕಾಫಿ ಬೀಜ ಹುರಿಯುವ ಡ್ರಮ್ ತರಿಸಿದ್ದಾರೆ. ಅದರಲ್ಲಿ ಮಾಲ್ಟ್ ಹುರಿಯುತ್ತಿದ್ದರು. ಲ್ಯಾಬಿನಲ್ಲಿದ್ದ ನನಗೇ ಸೀದ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಅವರು ಡ್ರಮ್ಮಿಗೆ ಬೆನ್ನು ಹಾಕಿ, ಬಾಯ್ಲರ್ ಅಮೀರ್ ಜಾನ್ ಹತ್ತಿರ ಮಾತಾಡುತ್ತಾ ನಿಂತಿದ್ದಾರೆ. ಹಿಂದೆ ಹೊಗೆ. ಅಮೀರ್ ಜಾನ್ ಬೀಡಿ ಹಚ್ಚಿದ್ದ, ಅವನಿಗೆ ಗೊತ್ತಾಗದಿರಬಹುದು. ಆದರೆ ಇವರಿಗೆ? ಮಾಲ್ಟ್ ಮೂಟೆ ಬಿಚ್ಚದೆಯೇ ಹಳೆಯದೋ ಹೊಸದೋ ಹೇಳುತ್ತಿದ್ದ ಮನುಷ್ಯ.

"ಸಾರ್, ಸೀದು ಹೋಯ್ತು" ಅಂದೆ.

ತಿರುಗಿ ನೋಡಿದರು. ಮೊದಲು ಡ್ರಮ್ ನೋಡಲಿಲ್ಲ. ನನ್ನ ಮುಖ ನೋಡಿದರು.

೧೦ ಏಪ್ರಿಲ್

ಬೆಳಿಗ್ಗೆ ಅವರೇ ಲ್ಯಾಬಿಗೆ ಬಂದು ಬಾಗಿಲು ಹಾಕಿದರು.

"ಸಂಕ್ರಾಂತಿ ಹೊತ್ನಾಗೆ ಜ್ವರ ಬಂದಿತ್ತಲ್ಲ, ಆವಾಗ ಹೋತು. ವಾಸನೆ ಅನ್ನೋದೇ ಇಲ್ಲ. ನಾಲಿಗೆಗೆ ಸಿಹಿ ಗೊತ್ತಾಗ್ತೈತೆ, ಕಹಿ ಗೊತ್ತಾಗ್ತೈತೆ. ನಡುವೆ ಏನೂ ಇಲ್ಲ."

ವಾಸನೆ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಅಂದಿದ್ದಾರೆ. ಹೆಂಡತಿಗೂ ಹೇಳಿಲ್ಲವಂತೆ. ಮೂಗಿಲ್ಲದ ಬ್ರೂವರ್‌ನನ್ನು ಯಾರು ಇಟ್ಟುಕೊಳ್ಳುತ್ತಾರೆ?

"ಈ ಒಂದು ಟ್ಯಾಂಕ್ ಮುಗಿಯೋ ತನಕ ನೀನು ನನ್ನ ಮೂಗು ಆಗು ಹಿದಾಯತ್. ವಾಸನೆ ನೋಡಿ ಹೇಳು, ಸಾಕು."

ಬರೀ ವಾಸನೆ. ಹೂಂ ಅಂದೆ. ಅಮ್ಮಾರಿಗೆ ಹೇಳಬೇಕಿತ್ತೇ? ಹೇಳಿದರೆ ಇವರಿಗೆ ಮೋಸ, ಹೇಳದಿದ್ದರೆ ಅವರಿಗೆ. ಪ್ಯಾಸೆಂಜರಿನಲ್ಲಿ ದಾವಣಗೆರೆ ತನಕ ಯೋಚಿಸಿದೆ. ಸ್ಟೇಷನ್ನಿನಲ್ಲಿ ಸೈಕಲ್ ಎಲ್ಲಿ ನಿಲ್ಲಿಸಿದ್ದೆ ಎಂದೇ ನೆನಪಾಗಲಿಲ್ಲ.

೨ ಮೇ

ವಾಸನೆ ಸಾಲದಂತೆ.

ಟ್ಯಾಂಕಿನಲ್ಲಿ ಯೀಸ್ಟ್ ಜೋರಾಗಿ ಕೆಲಸ ಮಾಡಿ ಈಗ ತಣ್ಣಗಾಗಿದೆ. ಗ್ರ್ಯಾವಿಟಿ ಚೆನ್ನಾಗಿ ಇಳಿದಿದೆ. ಸ್ಯಾಂಪಲ್ ಹಿಡಿದೆ. ಬೆಳಕಿಗೆ ಹಿಡಿದರೆ ದಾಳಿಂಬೆ ಸಿಪ್ಪೆ ಕುದಿಸಿದ ನೀರಿನ ಬಣ್ಣ. ಸಾರ್ ಕೇಳುತ್ತಾರೆ: ಮೈ ಹೆಂಗೈತೆ? ಬಾಯ್ತುಂಬ ಐತೋ, ನೀರು ನೀರು ಐತೋ? ಮೂಗಿನಿಂದ ಅದನ್ನು ಹೇಗೆ ಹೇಳಲಿ?

"ಬಾಯಿಗೆ ಹಾಕ್ಕೊಂಡು ಉಗುಳಿಬಿಡು. ನಿನಗೆ ಮನಸ್ಸಿಲ್ದಿದ್ರೆ ಬ್ಯಾಡ" ಅಂದರು. ಬಲವಂತ ಮಾಡಿದ್ದರೆ ಇಲ್ಲ ಅನ್ನುತ್ತಿದ್ದೆನೇನೋ.

ಹಾಕಿಕೊಂಡೆ. ಉಗುಳಿದೆ. ಮೂರು ಸಲ ಬಾಯಿ ಮುಕ್ಕಳಿಸಿದೆ. "ಮೈ ಐತೆ ಸಾರ್. ಗಂಜಿ ತಿಳಿಯಷ್ಟು" ಅಂದೆ. ಅವರು ಖುಷಿಯಾದರು. ನನಗೆ ಏನಾಯಿತು, ಗೊತ್ತಿಲ್ಲ.

ಉಗುಳಿದರೆ ಪಾಪವೋ ಅಲ್ಲವೋ ಎಂದು ಜಾಮಿಯಾ ಮಸೀದಿಯ ಹಜ್ರತರನ್ನು ಕೇಳೋಣ ಅಂದುಕೊಂಡೆ. ಕೇಳಿದರೆ ಉತ್ತರ ಬಂದುಬಿಡುತ್ತದೆ. ಕೇಳಲಿಲ್ಲ.

೩ ಮೇ, ಭಾನುವಾರ

ಹೆಂಡತಿ ಶಹಜಾದಿ ಬಟ್ಟೆ ಒಗೆಯಲು ಕೂತಾಗ ನಿನ್ನೆಯ ಅಂಗಿಯ ತೋಳು ಮೂಸಿದಳು. ಸ್ಯಾಂಪಲ್ ಚೆಲ್ಲಿತ್ತು. ಇವಳು ಆನಗೋಡಿನವಳು. ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಪೂರ್ತಿ ಕನ್ನಡ.

ಎಲ್ಲಾ ಹೇಳಿಬಿಟ್ಟೆ. ಸಾರ್ ಮೂಗು, ಟ್ಯಾಂಕು, ಉಗುಳಿದ್ದು.

"ಉಗುಳಿದ್ರೆ ಸರೀನಾ?" ಅಂದಳು.

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ." ಇನ್ನೊಂದು ಸಲ ತೋಳು ಮೂಸಿದಳು. "ಹೆಂಗೈತೆ ಅಂತ ಹೇಳಿದ್ರಿ ಅವ್ರಿಗೆ?"

"ಸುಟ್ಟ ಬೆಲ್ಲ ಅಂದೆ."

"ಬೆಲ್ಲ ಅಲ್ರಿ ಇದು. ಹಾಲಿನಾಗೆ ಖರ್ಜೂರ ಬೇಯೋಕಿಟ್ಟು ಮರೆತ್ರೆ ತಳ ಹಿಡಿತೈತಲ್ಲ, ಆ ವಾಸ್ನೆ."

ಅದೇ. ಹೌದು, ಅದೇ. ಮೂರು ವಾರದಿಂದ ನನಗೆ ಸಿಗದ ಮಾತು. ತಾನು ಏನನ್ನು ಮೂಸಿ ಹೇಳಿದೆ ಎಂದು ಆಮೇಲೆ ಹೊಳೆಯಿತೋ ಏನೋ, ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕಿ ಕೈ ಉಜ್ಜಿ ಉಜ್ಜಿ ತೊಳೆದಳು.

"ಇನ್ನು ಮುಂದೆ ಏನಾದ್ರೂ ಆದ್ರೆ ಮೊದ್ಲು ನಂಗೇ ಹೇಳ್ರಿ. ಬೇರೆಯವ್ರ ಬಾಯಿಂದ ಕೇಳೋದು ಬ್ಯಾಡ."

ಆಯ್ತು ಅಂದೆ.

೧೮ ಮೇ

ಇವತ್ತಿನ ಸ್ಯಾಂಪಲ್ಲಿನಲ್ಲಿ ಹೊಸದೊಂದು ವಾಸನೆ. ಖರ್ಜೂರದ ಮೇಲೆ ಕೂತಿದೆ. ತುಪ್ಪ ಕಾಸಿದ ಹಾಗೆ.

ಸಾರ್ ಮುಖ ಸಣ್ಣದಾಯಿತು. "ತುಪ್ಪಾನೋ, ಹುಳಿ ಬೆಣ್ಣೇನೋ? ಸರಿಯಾಗಿ ನೋಡು."

ತುಪ್ಪವಾದರೆ ಭಯವಿಲ್ಲ. ಟ್ಯಾಂಕನ್ನು ಇನ್ನಷ್ಟು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟೇ ಅದನ್ನು ತಿಂದು ಹಾಕುತ್ತದೆ. ಹುಳಿ ಬೆಣ್ಣೆಯಾದರೆ ಒಳಗೆ ಕೆಟ್ಟ ಕ್ರಿಮಿ ಸೇರಿದೆ. ಬೆಚ್ಚಗೆ ಬಿಟ್ಟಷ್ಟೂ ಕೆಡುತ್ತದೆ. ಇವತ್ತೇ ಚರಂಡಿಗೆ ಬಿಟ್ಟು, ಟ್ಯಾಂಕ್ ತೊಳೆಯಬೇಕು, ಪಕ್ಕದ ಟ್ಯಾಂಕುಗಳಾದರೂ ಉಳಿಯುತ್ತವೆ.

ಮೂಸಿದೆ. ತುಪ್ಪ. ಮತ್ತೆ ಮೂಸಿದೆ. ಹುಳಿ. ಹೊರಗೆ ಹೋಗಿ ಗಾಳಿ ಕುಡಿದು ಬಂದು ಮೂಸಿದೆ. ಎರಡೂ. ಆಮೇಲೆ ಯಾವುದೂ ಅಲ್ಲ. ಪಿಎಚ್ ಸ್ವಲ್ಪ ಇಳಿದಿದೆ, ಅಷ್ಟಕ್ಕೆ ಏನೂ ಹೇಳಲಾಗದು. ಮೈಕ್ರೋಸ್ಕೋಪಿನಲ್ಲಿ ಯೀಸ್ಟ್ ನಡುವೆ ಏನೋ ಇದೆ ಅನ್ನಿಸಿತು. ಲೆನ್ಸ್ ಒರೆಸಿದೆ, ಇಲ್ಲ ಅನ್ನಿಸಿತು.

ಸರಿಯಾದ ಬಿಯರ್ ಹೇಗಿರುತ್ತದೆ ಎಂದೇ ತಿಳಿಯದವನು ಕೆಟ್ಟದ್ದನ್ನು ಹೇಗೆ ಗುರುತಿಸಲಿ?

೧೯ ಮೇ

ನುಂಗಿದೆ.

ಹೇಗಾಯಿತು ಬರೆದಿಡುತ್ತೇನೆ. ಬಾಯಿಗೆ ಹಾಕಿ ಉಗುಳಿದೆ, ನಾಲ್ಕು ಸಲ. ನಾಲ್ಕು ಸಲವೂ ಬೇರೆ ಬೇರೆ. ಕೊನೆಗೆ ನಾನೇ ಕೇಳಿದೆ, "ನೀವು ಹೆಂಗೆ ಗೊತ್ತು ಮಾಡ್ತಿದ್ರಿ ಸಾರ್?"

"ಹುಳಿ ಹಿಂದಿಂದ ಬರ್ತೈತೆ. ಗಂಟಲು ಇಳಿದ ಮ್ಯಾಲೆ. ಉಗುಳಿದ್ರೆ ಸಿಗಲ್ಲ." ಆಮೇಲೆ, "ಬ್ಯಾಡ ಬಿಡು. ಚರಂಡಿಗೆ ಬಿಡೋಣ" ಅಂದರು. ಎದ್ದು ವಾಲ್ವ್ ಹತ್ತಿರ ಹೋದರು. ಕೈ ಇಟ್ಟರು. ತಿರುಗಿಸಲು ಆಗಲಿಲ್ಲ ಅವರಿಗೆ. ಹಾಗೇ ನಿಂತರು, ಬೆನ್ನು ನನ್ನ ಕಡೆ.

ಒಂದು ಗುಟುಕು.

ಮೊದಲು ಸಿಹಿ. ಆಮೇಲೆ ರೊಟ್ಟಿಯ ಸುಟ್ಟ ಅಂಚು. ಆಮೇಲೆ ಬಿಸಿ, ಎದೆಯ ತನಕ. ಕಾದೆ. ಕಹಿ ಬಂತು, ಮೆಂತ್ಯದ ಹಾಗೆ ನಿಧಾನಕ್ಕೆ. ಇನ್ನೂ ಕಾದೆ. ಹುಳಿ ಬರಲಿಲ್ಲ.

"ತುಪ್ಪ ಸಾರ್. ಬೆಚ್ಚಗೆ ಬಿಡ್ರಿ."

ಅವರು ನನ್ನ ಗಂಟಲು ನೋಡಿದರು. ಕೈ ಮುಗಿದರು. ನಾನು ಆಚೆ ಬಂದುಬಿಟ್ಟೆ.

ಶಹಜಾದಿಗೆ ಹೇಳಬೇಕು. ಚಹಾ ಕೊಟ್ಟಾಗ ಹೇಳೋಣ ಅಂದುಕೊಂಡೆ. ಊಟಕ್ಕೆ ಕೂತಾಗ ಅಂದುಕೊಂಡೆ. ನಾಳೆ.

೨೮ ಮೇ

ತುಪ್ಪದ ವಾಸನೆ ಹೋಗಿದೆ. ಪೂರ್ತಿ. ಖರ್ಜೂರ ಮಾತ್ರ, ಹಿಂದೆ ರೊಟ್ಟಿ. ಸಾರ್‌ಗೆ ಹೇಳಿದೆ. ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿಕೊಂಡರು.

ಅವಳಿಗೆ ಇನ್ನೂ ಹೇಳಿಲ್ಲ.

೪ ಜೂನ್

ಅಮ್ಮಾರು ಬಂದರು. ಟೇಬಲ್ ಮೇಲೆ ಮೂರು ಗ್ಲಾಸ್. ಅಮೀರ್ ಜಾನ್, ಇನ್ನಿಬ್ಬರು ಬಾಗಿಲಲ್ಲಿ.

ಸಾರ್ ಗ್ಲಾಸ್ ಎತ್ತಿ, ಮೂಸಿ, ಕಣ್ಣು ಮುಚ್ಚಿ ಹೇಳಿದರು. "ಹಾಲಿನಾಗೆ ಖರ್ಜೂರ ಬೇಯಿಸಿ ತಳ ಹಿಡಿದ ವಾಸನೆ. ಆಮೇಲೆ ರೊಟ್ಟಿ ಅಂಚು. ಕೊನೆಗೆ ಮೆಂತ್ಯದ ಕಹಿ." ಒಂದಕ್ಷರ ತಪ್ಪಲಿಲ್ಲ. ಎಲ್ಲಾ ನಾನು ಹೇಳಿಕೊಟ್ಟ ಮಾತೇ.

ಅಮ್ಮಾರು ಅವರನ್ನೇ ನೋಡುತ್ತಿದ್ದರು. "ಹಾಲಿನಾಗೆ ಖರ್ಜೂರ ರಂಜಾನಿಗೆ ಮಾಡೋದಲ್ರಿ? ನಿಮ್ಮ ಮನ್ಯಾಗೆ ಯಾವಾಗ ಮಾಡಿದ್ರಿ ಕೆಂಚವೀರಪ್ಪಾರೆ?"

ಸಾರ್ ಗ್ಲಾಸ್ ಕೆಳಗಿಟ್ಟರು. ಜ್ವರ ಬಂದಲ್ಲಿಂದ ಶುರು ಮಾಡಿ ತಾವೇ ಎಲ್ಲಾ ಹೇಳಿದರು. ನನ್ನ ಹೆಸರು ಬಂದಾಗ, "ಅವನು ಬರೀ ಉಗುಳಿದಾನೆ ಅಮ್ಮಾರೆ, ಅವನ ಮ್ಯಾಲೆ ತಪ್ಪಿಲ್ಲ" ಅಂದರು. ನನ್ನನ್ನು ಕಾಪಾಡಲು ಹಾಗೆ ಅಂದಿದ್ದು.

ಅಮ್ಮಾರು ಸಿಟ್ಟಾಗಲಿಲ್ಲ. ನಿಜಕ್ಕೂ ಗೊಂದಲಕ್ಕೆ ಬಿದ್ದರು. "ನಿಮ್ಗೆ ವಾಸನೆ ಇಲ್ಲ. ಇವ್ರು ಉಗುಳ್ತಾರೆ. ನಾನು ಮುಟ್ಟಲ್ಲ. ಮತ್ತೆ ಇದು ಚೆನ್ನಾಗೈತೆ ಅಂತ ಕುಡಿದು ನೋಡಿದೋರು ಯಾರು?"

ಸಾರ್ ಗ್ಲಾಸಿನ ಅಂಚು ಒರೆಸಿದರು.

"ನಾನು" ಅಂದೆ. "ಒಂದು ಗುಟುಕು ನುಂಗಿದೀನಿ ಅಮ್ಮಾರೆ. ಚೆನ್ನಾಗೈತೆ."

ಅಮೀರ್ ಜಾನ್ ಬಾಗಿಲಿಂದ ಸರಿದ.

ಅಮ್ಮಾರು ಎದ್ದರು. ಬಾಟಲಿ ತುಂಬಿಸ್ರಿ ಅಂದರು. ಎರಡು ಬಾಟಲಿ ತಮ್ಮ ಕಾರಿಗೆ ಹಾಕಿಸಿಕೊಂಡರು, ಯಾರಿಗಾದರೂ ಕುಡಿಸಿ ನೋಡುತ್ತಾರಂತೆ. ಹೋಗುವಾಗ ಸಾರ್‌ಗೆ ಮೆತ್ತಗೆ, "ಈ ತಿಂಗಳು ಮುಗಿಸಿ ಊರಿಗೆ ಹೋಗಿ ಆರಾಮಿರ್ರಿ" ಅಂದರು. ಅವರು ತಲೆ ಆಡಿಸಿದರು. ಕೊಕ್ಕನೂರಿನಲ್ಲಿ ಮನೆ ಇದೆ ಅವರದು.

ಎಲ್ಲ ಹೋದ ಮೇಲೆ ಸಾರ್ ಒಂದು ಗ್ಲಾಸ್ ಪೂರ್ತಿ ಕುಡಿದರು. "ಹೆಂಗೈತೆ ಸಾರ್?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ಬಿಸಿ ಐತೆ" ಅಂದರು.

೫ ಜೂನ್

ನನಗಿಂತ ಮೊದಲು ಸುದ್ದಿ ದಾವಣಗೆರೆಯ ನಮ್ಮ ಆನೆಕೊಂಡ ಮುಟ್ಟಿತ್ತು. ಅಮೀರ್ ಜಾನ್ ನಮ್ಮ ಓಣಿಯವನೇ. ಅವನ ಹೆಂಡತಿ ಹಜೀರಾಬೀ ನಲ್ಲಿ ಹತ್ತಿರ ಶಹಜಾದಿಗೆ ಹೇಳಿದ್ದಾಳೆ.

"ಯಾವತ್ತು ಕುಡಿದ್ರಿ?"

"ಹೋದ ತಿಂಗ್ಳು."

"ಅವತ್ತೇ ಯಾಕ ಹೇಳ್ಲಿಲ್ಲ?" ಪೂರ್ತಿ ಕನ್ನಡ. ಅಳಲಿಲ್ಲ. "ಕುಡಿದಿದ್ದು ನೀವೂ ಅಲ್ಲಾನೂ ನೋಡ್ಕೊಳ್ರಿ. ನಲ್ಲಿ ಹತ್ರ ಕೊಡ ಇಟ್ಕೊಂಡು ಕೇಳಿಸ್ಕೊಂಡಿದ್ದು ನಾನು."

ಮಧ್ಯಾಹ್ನದ ಬಸ್ಸಿಗೆ ಆನಗೋಡಿಗೆ ಹೋದಳು.

೧೭ ಜೂನ್

ಅಮ್ಮಾರು ಕರೆಸಿದ್ದರು. ದಾವಣಗೆರೆಯ ಹೋಟೆಲಿನವರು ಇನ್ನೂ ಬೇಕು ಅಂದಿದ್ದಾರಂತೆ. ಬೊಂಬಾಯಿಯವರಿಗೆ ಇಲ್ಲ ಎಂದು ಹೇಳಿ ಕಳಿಸಿದರಂತೆ. "ಬ್ರೂವರ್ ಕೆಲ್ಸ ನೀವೇ ನೋಡ್ಕೊಳ್ರಿ ಹಿದಾಯತ್. ಆದ್ರೆ ನೋಡ್ರಿ, ಉಗುಳಿದ್ರೆ ನಡೆಯಲ್ಲ."

ಯೋಚಿಸಿ ಹೇಳ್ತೀನಿ ಅಂದೆ. ಏನು ಯೋಚಿಸುವುದು? ಯಾರ ಜೊತೆ?

೨೧ ಜೂನ್, ಭಾನುವಾರ

ಆನಗೋಡಿಗೆ ಹೋದೆ. ಅತ್ತೆ ಮಾಬೂಬೀ ಚಾಪೆ ಹಾಸಿದರು. ಶಹಜಾದಿ ಎದುರು ಕೂತಳು. ಕೆಲಸದ ವಿಷಯ ಮೊದಲು ಅವಳಿಗೇ ಹೇಳಿದೆ. ಬೇರೆ ಯಾರಿಗೂ ಹೇಳಿಲ್ಲ ಎಂದೂ ಹೇಳಿದೆ.

ಅವಳು ಕೇಳಿದಳು. "ನಿಮಗೆ ಹಿಡಿಸ್ತಾ ಅದು?"

ಸಾರ್ ಕೇಳಿರಲಿಲ್ಲ ಇದನ್ನು. ಅಮ್ಮಾರು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಹೂಂ" ಅಂದೆ.

"ಹಂಗಾದ್ರೆ ಆ ಕೆಲ್ಸ ಬ್ಯಾಡ. ಹಿಡಿಸ್ಲಿಲ್ಲ ಅಂದಿದ್ರೆ ಮಾಡ್ರಿ ಅಂತಿದ್ದೆ."

ಹಿಡಿಸಿದವನಿಗೇ ಅದರ ಒಳ್ಳೆಯದು ಕೆಟ್ಟದು ತಿಳಿಯುವುದು. ಅದಕ್ಕೇ ಅಮ್ಮಾರಿಗೆ ನಾನು ಬೇಕು. ಅದಕ್ಕೇ ಇವಳಿಗೆ ಬೇಡ. ಯಾರು ಸರಿ? ಇಬ್ಬರೂ ಸರಿ ಅನ್ನಿಸುತ್ತದೆ, ಅದೇ ಕಷ್ಟ. ಸಂಜೆ ಬಸ್ಸಿಗೆ ನನ್ನ ಜೊತೆ ಹೊರಟಳು. ಎಲ್ಲಾ ಮೊದಲು ತನಗೇ ಹೇಳಬೇಕು ಎಂದು ಬಸ್ಸಿನಲ್ಲಿ ಇನ್ನೊಮ್ಮೆ ಮಾತು ತೆಗೆದುಕೊಂಡಳು. ಕೊಟ್ಟೆ. ಮನಸಾರೆ ಕೊಟ್ಟೆ.

೨೨ ಜೂನ್

ಅಮ್ಮಾರಿಗೆ ಆಗಲ್ಲ ಅಂದೆ. ಲ್ಯಾಬ್ ಕೆಲಸ ಮಾತ್ರ ಸಾಕು ಅಂದೆ.

"ಯಾಕ್ರಿ?"

"ಹಿಡಿಸ್ತು ಅಮ್ಮಾರೆ. ಅದಕ್ಕೆ."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ವಿಭೂತಿ ಹಚ್ಚಿದ ಹಣೆ, ಬಿಳಿ ಸೀರೆ. ದನಿ ತಗ್ಗಿಸಿದರು.

"ನಾನೂ ಒಂದು ಗುಟುಕು ನೋಡಿದೆ. ಮಾಡೋ ಸಾಮಾನು ಏನಂತ ಗೊತ್ತಿರ್ಬೇಕಲ್ಲ ಅಂತ." ಕಿಟಕಿ ಕಡೆ ನೋಡುತ್ತಾ, "ನಂಗೂ ಹಿಡಿಸ್ತು ಹಿದಾಯತ್. ಏನು ಮಾಡೋದು ತಿಳೀವಲ್ದು. ಒಂದು ಪಿಳ್ಳೆಗೂ ಹೇಳ್ಬ್ಯಾಡ್ರಿ. ನಿಮ್ಮ ಮನ್ಯಾಗೂ ಹೇಳ್ಬ್ಯಾಡ್ರಿ. ಆಣೆ."

ಆಣೆ ಇಟ್ಟು ಬಂದೆ.

ಮನೆಗೆ ಬಂದವನು ನೇರ ಬರೆಯಲು ಕೂತಿದ್ದೇನೆ. ಶಹಜಾದಿ ಚಹಾ ತಂದಿಟ್ಟು ಎದುರಿಗೆ ನಿಂತಿದ್ದಾಳೆ. ಅಮ್ಮಾರು ಏನಂದ್ರು ಅಂತ ಕೇಳಿದಳು. ಒಂದು ನಿಮಿಷ ಅಂದೆ. ಒಪ್ಪಿದ್ರಾ, ಮುಖ ಯಾಕ ಹಂಗೈತೆ, ಬೇರೆ ಏನಾದ್ರೂ ಅಂದ್ರಾ ಅಂತ ಕೇಳುತ್ತಿದ್ದಾಳೆ. ಬರೆಯುತ್ತಲೇ ಇದ್ದೇನೆ. ತಲೆ ಎತ್ತಿದರೆ ಏನಾದರೂ ಹೇಳಲೇಬೇಕು. ಈಗ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.